ವಾರ ತಾಳೆಯಾಗಲಿಲ್ಲ ಅಂದ ಮಾತ್ರಕ್ಕೆ

“ತಂತ್ರಾಂಶದಲ್ಲಿ ಹಾಕಿ ನೋಡಿದೆ, ವಾರ ತಾಳೆಯಾಗ್ತಿಲ್ಲ. ಆದ್ದರಿಂದ ಇದು ಕೂಟಶಾಸನ.” ಈ ಧಾಟಿಯ ತೀರ್ಪುಗಳು ಇತ್ತೀಚೆಗೆ ಜಾಸ್ತಿಯಾಗಿವೆ. ಇದರ ಅವಳಿಯಂಥ ಇನ್ನೊಂದು ಮಾತೂ ಇದೆ: “ತಿಥಿ, ವಾರ ಎರಡೂ ಸರಿಯಾಗಿ ಕೂತಿವೆ, ಆದ್ದರಿಂದ ಶಾಸನ ಅಪ್ಪಟ.” ಎರಡನ್ನೂ ಹೇಳೋರು ನಮ್ಮ ಪೈಕಿಯವರೇ. ಶಾಸನದ ಮೇಲೆ ಪ್ರೀತಿ ಇರುವ, ಕಂಪ್ಯೂಟರ್ ಬಲ್ಲ, ರಜೆ ದಿನ ಬೈಕ್ ಹತ್ತಿ ಊರೂರು ಸುತ್ತುವ ಜನ. ನನ್ನದೂ ಅದೇ ಜಾತಿ. ಹೊಟ್ಟೆಪಾಡಿಗೆ ಇಂಜಿನಿಯರಿಂಗ್, ಉಳಿದ ಹೊತ್ತಿಗೆ ಹಳಗನ್ನಡ. ಹಾಗಾಗಿ ಈ ಟೀಕೆ ಹೊರಗಿನವನದ್ದಲ್ಲ.

ನನ್ನ ತಕರಾರು ಲೆಕ್ಕದ ಮೇಲಲ್ಲ, ಲೆಕ್ಕಕ್ಕೆ ನಾವು ಕೊಡುತ್ತಿರುವ ಅಧಿಕಾರದ ಮೇಲೆ. ಶಾಸನಶಾಸ್ತ್ರಕ್ಕೆ ಗಣಿತ ಹೊಸದಾಗಿ ಬಂದಿದೆ, ಹಳೆಯ ವಿದ್ವಾಂಸರು ಬರೀ ಕಣ್ಣಂದಾಜಿನಲ್ಲಿ ಕಾಲ ಹೇಳುತ್ತಿದ್ದರು ಅನ್ನುವ ಕಲ್ಪನೆ ನಮ್ಮಲ್ಲಿ ಅನೇಕರಿಗಿದೆ. ಅದೇ ಮೊದಲ ತಪ್ಪು. ಭಾರತದ ಶಾಸನ ಅಧ್ಯಯನದಲ್ಲಿ ಭಾರೀ ಲೆಕ್ಕಾಚಾರ ಶುರುವಾಗಿ ನೂರಮೂವತ್ತು ವರ್ಷಕ್ಕೂ ಮೇಲಾಯ್ತು. ಕಂಪ್ಯೂಟರ್ ಇರಲಿಲ್ಲ ಅಷ್ಟೆ. ಲೆಕ್ಕ ಮಾಡುವ ಮನುಷ್ಯರಿದ್ದರು.

ಗುಪ್ತ ಶಕೆ ಯಾವ ವರ್ಷದಿಂದ ಶುರು ಅನ್ನೋದು 19ನೇ ಶತಮಾನದ ದೊಡ್ಡ ಜಗಳ. ಜೆ.ಎಫ್. ಫ್ಲೀಟ್ 1888ರಲ್ಲಿ ಗುಪ್ತ ಶಾಸನಗಳ ಸಂಪುಟ ಹೊರತಂದಾಗ ಆ ಜಗಳಕ್ಕೆ ಹೆಚ್ಚುಕಡಿಮೆ ತೆರೆ ಬಿತ್ತು. ಅದರಲ್ಲಿನ ಮುಖ್ಯ ಸಾಕ್ಷಿಗಳಲ್ಲಿ ಒಂದು ಏರಣದ ಬುಧಗುಪ್ತನ ಕಂಬ. ಗುಪ್ತ ವರ್ಷ 165, ಆಷಾಢ ಶುಕ್ಲ ದ್ವಾದಶಿ, ಗುರುವಾರ. ಲೆಕ್ಕ ಹಾಕಿದರೆ ಅದು ಕ್ರಿ.ಶ. 484ರ ಜೂನ್ 21. ಈ ಲೆಕ್ಕಗಳ ಹಿಂದೆ ಇದ್ದವರು ಶಂಕರ ಬಾಲಕೃಷ್ಣ ದೀಕ್ಷಿತ್, ವೃತ್ತಿಯಿಂದ ಶಿಕ್ಷಕರು. ಮುಂದೆ ರಾಬರ್ಟ್ ಸೀವೆಲ್ ಜೊತೆ ಸೇರಿ 1896ರಲ್ಲಿ ಅವರು ತಂದ ‘ದಿ ಇಂಡಿಯನ್ ಕ್ಯಾಲೆಂಡರ್’ ಇವತ್ತಿಗೂ ಕೈಬಿಡುವಂಥದ್ದಲ್ಲ. ಜರ್ಮನಿಯ ಯಾಕೋಬಿ ಕೋಷ್ಟಕಗಳನ್ನು ಮಾಡಿಕೊಟ್ಟರು. ಕೀಲ್‌ಹಾರ್ನ್ ಶಕ ವರ್ಷದ ನೂರಾರು ತೇದಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು. 1922ರ ಹೊತ್ತಿಗೆ ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆಯವರ ‘ಇಂಡಿಯನ್ ಎಫೆಮೆರಿಸ್’ ಬಂತು, ಅದರಲ್ಲಿ ಕ್ರಿ.ಶ. 700ರಿಂದ 1799ರವರೆಗೆ ದಿನದಿನದ ತಿಥಿ ನಕ್ಷತ್ರ ಸಿಗುತ್ತವೆ. ಈಗ ನಾವು ಒಂದು ಗುಂಡಿ ಒತ್ತಿ ಪಡೆಯುವುದು ಇದನ್ನೇ. ಜಪಾನಿನ ಮಿಚಿಯೊ ಯಾನೊ ಅವರ ‘ಪಂಚಾಂಗ’ ಪ್ರೋಗ್ರಾಂ ಸೂರ್ಯಸಿದ್ಧಾಂತದ ಮೇಲೆ ನಿಂತಿದೆ, ಬಹಳ ಉಪಯುಕ್ತ, ನಾನೂ ದಿನಾ ಬಳಸ್ತೀನಿ.

ವ್ಯತ್ಯಾಸ ಏನಪ್ಪಾ ಅಂದ್ರೆ, ಕೀಲ್‌ಹಾರ್ನ್ ಕೈಯಲ್ಲಿ ಲೆಕ್ಕ ಮಾಡುವಾಗ ಪ್ರತಿ ಹೆಜ್ಜೆಯಲ್ಲೂ ಒಂದು ಆಯ್ಕೆ ಮಾಡಲೇಬೇಕಿತ್ತು, ಮಾಡಿದ್ದನ್ನು ಬರೆಯಲೇಬೇಕಿತ್ತು. ಗತ ವರ್ಷ ಹಿಡಿದೆನೋ ವರ್ತಮಾನ ವರ್ಷ ಹಿಡಿದೆನೋ? ಅಮಾಂತವೋ ಪೂರ್ಣಿಮಾಂತವೋ? ತಾಳೆಯಾಗದ ತೇದಿಗಳನ್ನೂ ಅವರು ಬೇರೆ ಪಟ್ಟಿ ಮಾಡಿ ಅಚ್ಚು ಹಾಕಿಸಿದರು. ತಂತ್ರಾಂಶ ಈ ಆಯ್ಕೆಗಳನ್ನೆಲ್ಲ ನಮ್ಮ ಪರವಾಗಿ ಮಾಡಿಬಿಡುತ್ತದೆ, ಪರದೆಯ ಮೇಲೆ ಒಂದೇ ಒಂದು ತೇದಿ ತೋರಿಸುತ್ತದೆ. ಒಂದೇ ಉತ್ತರ ಕಂಡಾಗ ಅದನ್ನು ಸತ್ಯ ಅಂದುಕೊಳ್ಳೋದು ಮನುಷ್ಯ ಸ್ವಭಾವ.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ಸ್ವಲ್ಪ ಉದ್ದ ಆಗುತ್ತೆ, ಆದರೆ ಇಲ್ಲಿ ಅವಸರ ಮಾಡಿದರೆ ಉಪಯೋಗವಿಲ್ಲ.

ರಾಷ್ಟ್ರಕೂಟ ಮೂರನೆಯ ಗೋವಿಂದನ ಕಾಲದ ಒಂದು ತಾಮ್ರಪಟ ಇದೆ. ಬ್ರಿಟಿಷ್ ಮ್ಯೂಸಿಯಂ ತಗಡುಗಳು ಅಂತ ಕರೆಯುತ್ತಾರೆ. ಭಾಷೆ ಕನ್ನಡ, ಇಷ್ಟು ಹಳೆಯ ಕನ್ನಡ ತಾಮ್ರಪಟಗಳು ಕೈಬೆರಳೆಣಿಕೆ. ರಾಣಿ ಗಾಮುಂಡಬ್ಬೆಯ ಹೆಸರು ಬರುವುದು ಇದರಲ್ಲೇ. ಕಂಚಿಯ ದಂತಿಗನನ್ನು ಗೆದ್ದ ಮೇಲೆ ರಾಜ ತುಂಗಭದ್ರೆಯ ದಡದ ರಾಮೇಶ್ವರ ತೀರ್ಥದಲ್ಲಿ ಬೀಡುಬಿಟ್ಟಾಗ ಕೊಟ್ಟ ದಾನ ಇದು. ತೇದಿ: ಶಕ ವರ್ಷ 726ನೆಯದು, ಸುಭಾನು ಸಂವತ್ಸರ, ವೈಶಾಖ ಕೃಷ್ಣ ಪಂಚಮಿ, ಗುರುವಾರ. ವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಲ್ಲಾ ಇವೆ. ಲೆಕ್ಕ ಮಾಡುವವನಿಗೆ ಹಬ್ಬದೂಟ.

ಈಗ ಇದನ್ನು ಇಂದಿನ ನಮ್ಮ ರೂಢಿಯಂತೆ ಹಾಕಿ. ಶಕ 726 ಗತ ವರ್ಷ ಅಂದರೆ ಕ್ರಿ.ಶ. 804–05. ಅಮಾಂತ ಮಾಸ. ಬರುವ ಉತ್ತರ 804ರ ಮೇ 3. ವಾರ ಶುಕ್ರವಾರ, ಶಾಸನ ಹೇಳೋದು ಗುರುವಾರ. ಇನ್ನು ಸಂವತ್ಸರ? ನಾವು ಯುಗಾದಿಯಿಂದ ಯುಗಾದಿಗೆ ಎಣಿಸುವ ದಕ್ಷಿಣದ ಪದ್ಧತಿಯಲ್ಲಿ 804–05 ತಾರಣ ಸಂವತ್ಸರ, ಸುಭಾನು ಅಲ್ಲ. ಅಲ್ಲಿಗೆ ಎರಡೂ ಸೋತವು. ಒಂದು ಗುಂಡಿ ಒತ್ತುವ ನಮ್ಮ ಗೆಳೆಯ ಇಲ್ಲೇ ನಿಂತು “ಕೂಟ” ಅಂತ ಷರಾ ಬರೆದುಬಿಡ್ತಾನೆ.

ವರ್ತಮಾನ ವರ್ಷ ಹಿಡಿಯೋಣ. “726ನೆಯ” ಅನ್ನುವ ಮಾತಿನ ನೇರ ಅರ್ಥ ಅದೇ ಅಲ್ಲವೇ? ಆಗ 803–04. ಖುಷಿಯ ವಿಷಯ, ದಕ್ಷಿಣದ ಎಣಿಕೆಯಲ್ಲಿ ಅದು ಸುಭಾನು ಸಂವತ್ಸರವೇ. ಆದರೆ ಅಮಾಂತ ವೈಶಾಖ ಕೃಷ್ಣ ಪಂಚಮಿ ಬರೋದು 803ರ ಏಪ್ರಿಲ್ ಮಧ್ಯದಲ್ಲಿ, ಶನಿವಾರ-ಭಾನುವಾರದ ಕಡೆಗೆ. ಗುರುವಾರಕ್ಕೆ ಎಳೆದು ತರಲು ಸಾಧ್ಯವೇ ಇಲ್ಲ.

ಮೂರನೆಯ ದಾರಿಯನ್ನು ತೋರಿಸಿದವರು ಫ್ಲೀಟ್. ಗತ ವರ್ಷವನ್ನೇ ಇಟ್ಟುಕೊಳ್ಳಿ, ಆದರೆ ಮಾಸವನ್ನು ಹುಣ್ಣಿಮೆಗೆ ಮುಗಿಸಿ. ಉತ್ತರ ಭಾರತದಲ್ಲಿ ಇವತ್ತಿಗೂ ಹಾಗೇ ಎಣಿಸುತ್ತಾರೆ. ಶುಕ್ಲಪಕ್ಷಕ್ಕೆ ಎರಡೂ ಪದ್ಧತಿ ಒಂದೇ; ಕೃಷ್ಣಪಕ್ಷ ಮಾತ್ರ ಒಂದು ತಿಂಗಳು ಹಿಂದಕ್ಕೆ ಸರಿಯುತ್ತದೆ, ನಮ್ಮ ಚೈತ್ರ ಬಹುಳ ಅವರಿಗೆ ವೈಶಾಖ ಕೃಷ್ಣ. ಆಗ ಬರೋ ತೇದಿ 804ರ ಏಪ್ರಿಲ್ 4. ವಾರ ಗುರುವಾರ. ಸೂರ್ಯೋದಯಕ್ಕೆ ಪಂಚಮಿ ಇದೆ.

ಸಂವತ್ಸರದ ಕಥೆ ಏನು? ಅದಕ್ಕೂ ಇನ್ನೊಂದು ಎಣಿಕೆ ಉಂಟು. ಗುರುಗ್ರಹ ಮಧ್ಯಮ ಗತಿಯಲ್ಲಿ ಒಂದು ರಾಶಿ ದಾಟುವ ಕಾಲವನ್ನು ಒಂದು ಸಂವತ್ಸರ ಅನ್ನುವ ಹಳೆಯ ಪದ್ಧತಿ. ಸೂರ್ಯಸಿದ್ಧಾಂತದ ಪ್ರಕಾರ 43,20,000 ವರ್ಷಕ್ಕೆ ಗುರು 3,64,220 ಸುತ್ತು, ಅಂದರೆ 43,70,640 ರಾಶಿ ದಾಟುತ್ತಾನೆ. 804ರ ಮೇಷ ಸಂಕ್ರಮಣಕ್ಕೆ ಕಲಿಯುಗದ 3905 ವರ್ಷ ಮುಗಿದಿದ್ದವು. ಗುಣಿಸಿ ಭಾಗಿಸಿದರೆ 3950.775. ಅರವತ್ತರ ಪೂರ್ಣ ಸುತ್ತುಗಳನ್ನು ಕಳೆದರೆ ಉಳಿಯುವುದು 50.775. ಕಲಿಯ ಆರಂಭಕ್ಕೆ ವಿಜಯ ಸಂವತ್ಸರ. ಅಲ್ಲಿಂದ ಐವತ್ತು ಮುಗಿದು ಐವತ್ತೊಂದನೆಯದು ನಡೆಯುತ್ತಿದೆ. ಎಣಿಸಿ ನೋಡಿ, ಅದು ಸುಭಾನು. ಇನ್ನೂ ಕಾಲು ಪಾಲಿಗೆ ಸ್ವಲ್ಪ ಕಮ್ಮಿ ಬಾಕಿ ಇದೆ, ಸುಮಾರು 81 ದಿನ. ಅಂದರೆ ಜೂನ್ ಎರಡನೇ ವಾರದವರೆಗೂ ಸುಭಾನು. ಏಪ್ರಿಲ್ 4 ಅದರೊಳಗೆ ಆರಾಮಾಗಿ ಕೂರುತ್ತದೆ. ಕ್ಯಾಲ್ಕುಲೇಟರ್ ಇದ್ದವರು ಯಾರು ಬೇಕಾದರೂ ಐದು ನಿಮಿಷದಲ್ಲಿ ಮಾಡಬಹುದಾದ ಲೆಕ್ಕ ಇದು. ದಯವಿಟ್ಟು ಒಮ್ಮೆ ಮಾಡಿ. ಗುಂಡಿ ಒತ್ತೋದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಮೈಗೆ ಹತ್ತುತ್ತದೆ.

ಇಲ್ಲಿಗೆ ಕಥೆ ಸುಖಾಂತ್ಯ ಅಂದುಕೊಳ್ಳಬೇಡಿ. ನಾಲ್ಕನೆಯ ದಾರಿ ಒಂದು ಉಳಿದಿದೆ: 803, ಪೂರ್ಣಿಮಾಂತ. ನಾನು ಆಧುನಿಕ ಖಗೋಳ ಸೂತ್ರಗಳಿಂದ ಲೆಕ್ಕ ಹಾಕಿದರೆ ಸೂರ್ಯೋದಯಕ್ಕೆ ಕೃಷ್ಣ ಪಂಚಮಿ ಇರೋದು 803ರ ಮಾರ್ಚ್ 17, ಶುಕ್ರವಾರ. ಹಾಗಾಗಿ ಇದನ್ನು ತಳ್ಳಿಹಾಕಬಹುದು. ಆದರೆ ಆ ಪಂಚಮಿ ಶುರುವಾಗೋದು ಹಿಂದಿನ ದಿನ, ಗುರುವಾರ ರಾತ್ರಿ! “ದಾನ ಕೊಟ್ಟದ್ದು ರಾತ್ರಿ ಇರಬಹುದಲ್ಲ” ಅಂತ ಯಾರಾದರೂ ಹಟ ಹಿಡಿದರೆ 803ರ ಮಾರ್ಚ್ 16 ಕೂಡ “ತಾಳೆ” ಆಗುತ್ತದೆ. ಅದೂ ದಕ್ಷಿಣದ ಸುಭಾನು ಸಂವತ್ಸರ ಸಮೇತ.

ಹಾಗಾದರೆ 804ನ್ನೇ ಯಾಕೆ ಒಪ್ಪಬೇಕು? ಒಂದು, ಸೂರ್ಯೋದಯಕ್ಕೆ ಯಾವ ತಿಥಿ ಇದೆಯೋ ಅದೇ ದಿನದ ತಿಥಿ ಅನ್ನೋದು ಶಾಸನಗಳಲ್ಲಿ ಸಾಮಾನ್ಯ ರೂಢಿ. ಅದನ್ನು ಮುರಿಯಬೇಕಾದರೆ ಕಾರಣ ಬೇಕು. ಎರಡು, ಗತ ವರ್ಷವನ್ನೇ “ನೆಯ” ಅಂತ ಬರೆದ ಶಾಸನಗಳು ಬೇಕಾದಷ್ಟಿವೆ. ಇನ್ನು ಪೂರ್ಣಿಮಾಂತದ ವಿಷಯಕ್ಕೆ ಬಂದರೆ, ಎರಡನೆಯ ಪುಲಕೇಶಿಯ ಹೈದರಾಬಾದ್ ತಗಡುಗಳಲ್ಲಿ ಶಕ 534, ಭಾದ್ರಪದ ಅಮಾವಾಸ್ಯೆ, ಸೂರ್ಯಗ್ರಹಣ ಅಂತಿದೆ. 612ರ ಆಗಸ್ಟ್ 2ರ ಗ್ರಹಣಕ್ಕೆ ಅದು ಹೊಂದಬೇಕಾದರೆ ಮಾಸ ಪೂರ್ಣಿಮಾಂತವೇ ಆಗಿರಬೇಕು. ಅಮಾಂತದಲ್ಲಿ ಅದು ಶ್ರಾವಣದ ಅಮಾವಾಸ್ಯೆ. ಅಂದರೆ ನಮ್ಮ ನಾಡಿನಲ್ಲಿ 7ನೇ ಶತಮಾನದಿಂದ 9ನೇ ಶತಮಾನದ ಮೊದಲ ತನಕ ಪೂರ್ಣಿಮಾಂತ ಬಳಕೆಯಲ್ಲಿತ್ತು ಅನ್ನುವ ಒಂದು ಚಿತ್ರ ಮೂಡುತ್ತದೆ. ಗಮನಿಸಿ, ಇದರಲ್ಲಿ ಯಾವುದನ್ನೂ ತಂತ್ರಾಂಶ ಹೇಳಲಿಲ್ಲ. ಬೇರೆ ಶಾಸನ ಓದಿದವನು ಹೇಳಿದ. ತಂತ್ರಾಂಶ ಮಾಡಿದ್ದು ನಾಲ್ಕು ಸಾಧ್ಯತೆಗಳಿಗೆ ನಾಲ್ಕು ತೇದಿ ಕೊಟ್ಟದ್ದು. ಆ ಕೆಲಸಕ್ಕೆ ಅದು ಬೇಕೇ ಬೇಕು.

ಈಗ ಎರಡನೆಯ ತೀರ್ಪಿಗೆ, ಅಂದರೆ “ತಾಳೆಯಾಯಿತು, ಆದ್ದರಿಂದ ಅಪ್ಪಟ” ಅನ್ನೋದಕ್ಕೆ ಬರೋಣ. ಇಲ್ಲಿ ನನ್ನ ವೃತ್ತಿಯ ಬುದ್ಧಿ ಸ್ವಲ್ಪ ಓಡಿಸ್ತೀನಿ. ವಾರಗಳು ಏಳು. ಒಬ್ಬ ಯಾವುದೋ ವಾರ ಬಾಯಿಗೆ ಬಂದಂತೆ ಬರೆದರೂ ಏಳರಲ್ಲಿ ಒಂದು ಸಲ ಸರಿಯಾಗುತ್ತದೆ. ಅದು ಒಂದೇ ಲೆಕ್ಕಕ್ಕೆ. ಗತ-ವರ್ತಮಾನ, ಅಮಾಂತ-ಪೂರ್ಣಿಮಾಂತ ಅಂತ ನಾಲ್ಕು ಲೆಕ್ಕ ಮಾಡಿ, ಯಾವುದಾದರೂ ಒಂದು ಕೂತರೆ ಸಾಕು ಅಂದರೆ, ಬಾಯಿಗೆ ಬಂದ ವಾರವೂ ತಾಳೆಯಾಗುವ ಸಂಭವ ಸುಮಾರು 46 ಶೇಕಡಾ. ಆರನ್ನು ಏಳರಿಂದ ಭಾಗಿಸಿ, ನಾಲ್ಕು ಸಲ ಗುಣಿಸಿ, ಒಂದರಿಂದ ಕಳೆಯಿರಿ, ಅಷ್ಟೇ. ಸೂರ್ಯೋದಯದ ತಿಥಿ ಇಲ್ಲದಿದ್ದರೆ ಅದರ ಹಿಂದಿನ ದಿನವೂ ಆದೀತು ಅಂತ ಇನ್ನೊಂದು ರಿಯಾಯಿತಿ ಕೊಟ್ಟರೆ ಪ್ರತಿ ಲೆಕ್ಕಕ್ಕೂ ಎರಡೆರಡು ವಾರ ಸಿಗುತ್ತವೆ, ಸಂಭವ 74 ಶೇಕಡಾಕ್ಕೆ ಹಾರುತ್ತದೆ. ನಾಲ್ಕರಲ್ಲಿ ಮೂರು ಸಲ ಯಾವ ವಾರ ಬರೆದಿದ್ದರೂ ನಾವು “ಆಹಾ, ಸರಿಯಾಗಿದೆ” ಅನ್ನುತ್ತಿದ್ದೆವು. ಇದನ್ನು ಪರೀಕ್ಷೆ ಅಂತ ಕರೆಯೋಕಾಗುತ್ತಾ?

ನಿಜ, ಎಲ್ಲ ಶಾಸನಕ್ಕೂ ಇಷ್ಟು ಸಡಿಲ ಇಲ್ಲ. ಶುಕ್ಲಪಕ್ಷದ ತೇದಿಯಾದರೆ ಅಮಾಂತ-ಪೂರ್ಣಿಮಾಂತದ ಪ್ರಶ್ನೆಯೇ ಬರಲ್ಲ. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಬರುವ ಹೊತ್ತಿಗೆ ಸಂವತ್ಸರ ಯುಗಾದಿಯಿಂದ ಯುಗಾದಿಗೆ ಅಂತ ಗಟ್ಟಿಯಾಗಿದೆ, ಹಾಗಾಗಿ ವರ್ಷ ಯಾವುದು ಅನ್ನುವ ಗೊಂದಲವನ್ನು ಸಂವತ್ಸರದ ಹೆಸರೇ ಬಗೆಹರಿಸುತ್ತದೆ. ಚಾಲುಕ್ಯ ವಿಕ್ರಮ ವರ್ಷ ಶುರುವಾದ 1076 ನಳ ಸಂವತ್ಸರ. ಅಲ್ಲಿಂದ ಬೆರಳು ಮಡಿಚಿ ಎಣಿಸಿದರೆ ಸಾಕು. ಜೊತೆಗೆ ಉತ್ತರಾಯಣ ಸಂಕ್ರಮಣ, ಗ್ರಹಣ ಸೇರಿಕೊಂಡರೆ ಪರೀಕ್ಷೆ ಇನ್ನೂ ಬಿಗಿ. ಆದರೆ ಸಂಕ್ರಮಣ ಅಂದಕೂಡಲೇ ಜನವರಿ 14ನ್ನು ತಲೆಯಲ್ಲಿಟ್ಟುಕೊಂಡು ಹೊರಡಬೇಡಿ. ಆ ಕಾಲದ ಶಾಸನಗಳಲ್ಲಿ ಅದು ಡಿಸೆಂಬರ್ 24–25ರ ಸುತ್ತ ಬರುತ್ತದೆ. ಹಾಗೆಯೇ, ಇವತ್ತಿನ ದೃಗ್ಗಣಿತದ ಪಂಚಾಂಗವನ್ನು ಹಿಂದಕ್ಕೆ ಓಡಿಸಿ ಹಳೆಯ ತಿಥಿ ಅಳೆಯುವವರಿದ್ದಾರೆ. ಶಾಸನ ಬರೆಸಿದವರ ಮುಂದೆ ಇದ್ದದ್ದು ಸಿದ್ಧಾಂತದ ಲೆಕ್ಕ. ಎರಡಕ್ಕೂ ಕೆಲವು ಗಂಟೆಗಳ ಅಂತರ ಬರಬಹುದು, ಸೂರ್ಯೋದಯದ ಅಂಚಿನಲ್ಲಿರುವ ತಿಥಿಗೆ ಅಷ್ಟು ಸಾಕು ಒಂದು ದಿನ ತಪ್ಪೋಕೆ. ಮೇಲಿನ ನನ್ನ 803ರ ಲೆಕ್ಕಕ್ಕೂ ಈ ಮಾತು ಅನ್ವಯಿಸುತ್ತದೆ.

ಅದೂ ಅಲ್ಲದೆ, ಖೋಟಾ ದಸ್ತಾವೇಜು ಬರೆಯೋನು ಪಂಚಾಂಗದವರನ್ನು ಕೇಳದೆ ಬರೀತಾನಾ? ತೇದಿ ಸರಿಯಾಗಿರುವ ಕೂಟಶಾಸನ ಇರಬಹುದು. ಮೂಲ ಪಟ ಕಳೆದುಹೋಗಿ ನೂರು ವರ್ಷದ ಮೇಲೆ ಮತ್ತೆ ಕೆತ್ತಿಸಿದ ನಿಜವಾದ ಶಾಸನದಲ್ಲಿ ತೇದಿ ಕೆಟ್ಟಿರಬಹುದು. ದಾನ ಕೊಟ್ಟ ದಿನ ಒಂದು, ಕಲ್ಲು ನಿಲ್ಲಿಸಿದ ದಿನ ಇನ್ನೊಂದು ಆಗಿರಬಹುದು. ರೂವಾರಿಗೆ ಶುದ್ಧ-ಬಹುಳ ಅದಲುಬದಲಾಗಿರಬಹುದು.

ಶುದ್ಧ-ಬಹುಳ ಅಂದಾಗ ಮಡಿಕೇರಿ ತಗಡುಗಳ ನೆನಪು ಬಾರದೆ ಇರದು. ಇಂಗ್ಲಿಷಿನವರು ‘ಮರ್ಕೆರ ಪ್ಲೇಟ್ಸ್’ ಅಂದದ್ದು ಇದನ್ನೇ. ಗಂಗರ ಅವಿನೀತನ ಹೆಸರಿನಲ್ಲಿವೆ. ವರ್ಷ 388, ಮಾಘ ಮಾಸ, ಸೋಮವಾರ, ಸ್ವಾತಿ ನಕ್ಷತ್ರ, ಶುದ್ಧ ಪಂಚಮಿ. 388ನ್ನು ಶಕ ಅಂತ ಹಿಡಿದರೆ ಕ್ರಿ.ಶ. 466–67. ಇದರ ಮೇಲೆ ನಿಂತಿರುವುದು ಬರೀ ಒಬ್ಬ ಗಂಗ ರಾಜನ ಕಾಲವಲ್ಲ. ಕೊಂಡಕುಂದಾನ್ವಯದ ಆರು ಗುರುಗಳ ಸಾಲು ಇದರಲ್ಲಿದೆ, ಹಾಗಾಗಿ ಕುಂದಕುಂದಾಚಾರ್ಯರ ಕಾಲ ನಿರ್ಣಯದ ಚರ್ಚೆಗೂ ಇದನ್ನು ಎಳೆದು ತಂದಿದ್ದಾರೆ. ಐದನೇ ಶತಮಾನವೋ ಅಲ್ಲವೋ ಅನ್ನೋದರಿಂದ ಜೈನ ಇತಿಹಾಸದ ಒಂದು ಕೊಂಡಿ ಮುಂದೆ ಹಿಂದೆ ಆಗುತ್ತದೆ. ಗಂಗರ ತಾಮ್ರಪಟಗಳ ಬಗ್ಗೆ ರೈಸ್ ಮತ್ತು ಫ್ಲೀಟ್ ನಡುವೆ ನಡೆದ ದೀರ್ಘ ಕಾದಾಟದಲ್ಲಿ ರೈಸ್ ಅವುಗಳ ಪರ, ಫ್ಲೀಟ್ ವಿರುದ್ಧ.

ಇಂಥ ಕಡೆ ವಾರ ತಾಳೆ ನೋಡಿ ಯಾರಾದರೂ ಪಕ್ಷ ವಹಿಸಿದರೆ ಅದು ಆಟಿಕೆ ತಕ್ಕಡಿಯಲ್ಲಿ ಬಂಡೆ ತೂಗಿದ ಹಾಗೆ. ವಾರಕ್ಕಿಂತ ಗಟ್ಟಿಯಾದ ಪರೀಕ್ಷೆ ಈ ತೇದಿಯ ಒಳಗೇ ಇದೆ, ಅದಕ್ಕೆ ತಂತ್ರಾಂಶವೂ ಬೇಡ. ಮಾಘ ಶುದ್ಧ ಪಂಚಮಿಯಂದು ಸೂರ್ಯ ಮಕರದಲ್ಲೋ ಕುಂಭದ ಮೊದಲಲ್ಲೋ ಇರುತ್ತಾನೆ. ಚಂದ್ರ ಅವನಿಂದ ಐವತ್ತು-ಅರವತ್ತು ಅಂಶ ಮುಂದೆ. ಅಂದರೆ ಪೂರ್ವಾಭಾದ್ರದಿಂದ ಅಶ್ವಿನಿಯೊಳಗೆ ಎಲ್ಲೋ ಒಂದು ಕಡೆ. ಸ್ವಾತಿ ಆಕಾಶದ ಇನ್ನೊಂದು ದಿಕ್ಕಿನಲ್ಲಿದೆ. ಯಾವ ವರ್ಷ ಹಿಡಿದರೂ, ಗತ ಅಂದರೂ ವರ್ತಮಾನ ಅಂದರೂ, ಇದು ಕೂರಲ್ಲ. ಸ್ವಾತಿ ಬರೋದು ಮಾಘ ಬಹುಳ ಪಂಚಮಿ-ಷಷ್ಠಿಯ ಹೊತ್ತಿಗೆ. ಹಾಗಾದರೆ ಬಹುಳ ಅಂತ ಬರೆಯೋ ಕಡೆ ಶುದ್ಧ ಅಂತ ಕೆತ್ತಿದರೋ, ಅಥವಾ ಸೃಷ್ಟಿಸಿದವನಿಗೆ ಪಂಚಾಂಗ ಬರುತ್ತಿರಲಿಲ್ಲವೋ? ಲೆಕ್ಕ ಇದಕ್ಕಿಂತ ಮುಂದೆ ಹೋಗಲ್ಲ. ಇಲ್ಲಿಂದ ಮುಂದೆ ಬೇರೆ ಸಾಕ್ಷಿ ಮಾತಾಡಬೇಕು. ಪಟದಲ್ಲಿ ‘ಅಕಾಲವರ್ಷ’ನ ಮಂತ್ರಿಯ ಪ್ರಸ್ತಾಪ ಇದೆ, ಅದು ರಾಷ್ಟ್ರಕೂಟರ ಬಿರುದು, ಗಂಗ ಅವಿನೀತನಿಗೆ ಶತಮಾನಗಳ ನಂತರದ್ದು. ಲಿಪಿಯೂ ತಡವಾದದ್ದು. ಇನ್ನೊಂದು ಮಾತು: ಭಾರತದ ಶಾಸನಗಳಲ್ಲಿ ವಾರದ ಉಲ್ಲೇಖಕ್ಕೆ ಮೊದಲ ನಂಬುವಂಥ ಉದಾಹರಣೆ ಅಂತ ಸಾಮಾನ್ಯವಾಗಿ ಹೇಳೋದು ಮೇಲೆ ಬಂದ ಏರಣದ 484. ಮಡಿಕೇರಿಯ ಸೋಮವಾರ ನಿಜವಾಗಿ 466ರದ್ದಾದರೆ ಅದನ್ನೂ ಹಿಂದೆ ಹಾಕಬೇಕಾಗುತ್ತದೆ. ಅಂದರೆ ಆ ವಾರ ತಾಳೆಯಾಗುತ್ತೋ ಇಲ್ಲವೋ ಅನ್ನೋದಕ್ಕಿಂತ, ಅಲ್ಲಿ ವಾರ ಇದೆ ಅನ್ನೋದೇ ದೊಡ್ಡ ಸುಳಿವು! ಇದನ್ನು ಕಂಡುಹಿಡಿಯೋಕೆ ಪ್ರೋಗ್ರಾಂ ಬರೆಯೋಕಾಗಲ್ಲ ಅಂತ ಹೇಳಲಾರೆ. ಆದರೆ ಹಾಗೊಂದು ಪ್ರಶ್ನೆ ಕೇಳಬೇಕು ಅಂತ ಮೊದಲು ಯಾರಿಗಾದರೂ ಹೊಳೆಯಬೇಕು.

ಇಷ್ಟು ಹೊತ್ತು ಹಳೆಯ ಬಗೆಯ ಲೆಕ್ಕದ ಮಾತಾಯಿತು. ಹೊಸ ಬಗೆಯದ್ದನ್ನೂ ಮುಟ್ಟದೆ ಬಿಟ್ಟರೆ “ಎಐ ಬಗ್ಗೆ ಏನಂತೀರಿ” ಅಂತ ಕೇಳ್ತೀರಿ.

2022ರ ಮಾರ್ಚಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ‘ಇಥಾಕಾ’ ಅನ್ನುವ ಮಾದರಿಯ ಲೇಖನ ಬಂತು. ಪ್ರಾಚೀನ ಗ್ರೀಕ್ ಶಾಸನಗಳಲ್ಲಿ ಅಳಿಸಿಹೋದ ಅಕ್ಷರ ತುಂಬುವುದು, ಊರು ಹೇಳುವುದು, ಕಾಲ ಹೇಳುವುದು ಅದರ ಕೆಲಸ. 78,608 ಶಾಸನಗಳ ಪಾಠದಿಂದ ಕಲಿತದ್ದು. ಅಳಿದ ಪಾಠ ತುಂಬುವುದರಲ್ಲಿ ಇತಿಹಾಸಕಾರರು ತಾವೇ ಮಾಡಿದಾಗ 25 ಶೇಕಡಾ ಸರಿ, ಯಂತ್ರ ಒಂದೇ ಮಾಡಿದಾಗ 62, ಯಂತ್ರದ ಸಲಹೆ ಪಟ್ಟಿ ಮುಂದಿಟ್ಟುಕೊಂಡು ಇತಿಹಾಸಕಾರರು ಮಾಡಿದಾಗ 72. ನಮ್ಮಲ್ಲಿ ಎಲ್ಲರೂ 62ನ್ನು ಹಿಡಿದುಕೊಂಡು ಕುಣಿದರು, ನನಗೆ ಮುಖ್ಯ ಅನ್ನಿಸಿದ್ದು 72. ಕಾಲ ನಿರ್ಣಯದಲ್ಲೂ ಇಥಾಕಾ ಒಂದು ವರ್ಷ ಹೇಳಿ ಸುಮ್ಮನಾಗಲ್ಲ, ದಶಕಗಳ ಮೇಲೆ ಸಂಭವವನ್ನು ಹರಡಿ ತೋರಿಸುತ್ತದೆ. ನಮ್ಮ ತಿಥಿ ತಂತ್ರಾಂಶಗಳಿಗಿಂತ ಈ ವಿಷಯದಲ್ಲಿ ಅದು ಎಷ್ಟೋ ಪ್ರಾಮಾಣಿಕ.

ಅವರು ಪರೀಕ್ಷೆಗೆ ಆರಿಸಿದ ಒಂದು ವಿಷಯ ಅಥೆನ್ಸಿನ ಶಾಸನಗಳ ಹಳೆಯ ಜಗಳ. ಮೂರು ಗೆರೆಯ ‘ಸಿಗ್ಮಾ’ ಅಕ್ಷರ ಇದ್ದರೆ ಕ್ರಿ.ಪೂ. 446ಕ್ಕಿಂತ ಹಿಂದಿನದು ಅನ್ನುವ ನಿಯಮ ಬಹಳ ಕಾಲ ನಡೆಯಿತು. ಹೆರಾಲ್ಡ್ ಮ್ಯಾಟಿಂಗ್ಲಿ 1960ರ ದಶಕದಿಂದಲೇ ಇದನ್ನು ಒಪ್ಪಲಿಲ್ಲ. ಇಥಾಕಾದ ಅಂದಾಜುಗಳು ತಡವಾದ ಕಾಲದ ಕಡೆಗೆ ವಾಲಿದವು, ಅದು ಸುದ್ದಿಯಾಯ್ತು. ಆದರೆ ಆ ನಿಯಮಕ್ಕೆ ನಿಜವಾದ ಪೆಟ್ಟು ಬಿದ್ದದ್ದು ಅದಕ್ಕೂ ಮೂವತ್ತೆರಡು ವರ್ಷ ಮೊದಲು. ಎಗೆಸ್ತಾ ಊರಿನೊಂದಿಗಿನ ಒಪ್ಪಂದದ ಕಲ್ಲಿನಲ್ಲಿ ಅಧಿಕಾರಿಯ ಹೆಸರಿನ ಕೊನೆಯ ಅಕ್ಷರಗಳಷ್ಟೇ ಉಳಿದಿದ್ದವು. ಚೇಂಬರ್ಸ್ ಮತ್ತು ಸಂಗಡಿಗರು ಲೇಸರ್ ಬೆಳಕು, ಚಿತ್ರ ಸಂಸ್ಕರಣೆ ಬಳಸಿ ಅದನ್ನು ಆಂಟಿಫೋನ್ ಅಂತ 1990ರಲ್ಲಿ ಪ್ರಕಟಿಸಿದರು. ಅಂದರೆ ಕ್ರಿ.ಪೂ. 418–17. ಸವೆದ ಕಲ್ಲಿನ ಮೇಲೆ ಇರುವ ಅಕ್ಷರವನ್ನು ಕಾಣಿಸುವ ಯಂತ್ರ ಒಂದು ಥರ, ಇಲ್ಲದ ಅಕ್ಷರವನ್ನು ಊಹಿಸುವ ಯಂತ್ರ ಇನ್ನೊಂದು ಥರ. ಈ ಎರಡಕ್ಕೂ ಒಂದೇ ಹೆಸರಿಟ್ಟು ಮಾತಾಡೋದು ನಿಲ್ಲಬೇಕು. ಮಿಥಿಕ್ ಸೊಸೈಟಿ ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿರುವುದು ಮೊದಲನೆಯ ಥರದ ಕೆಲಸ. ನನ್ನ ಪೂರ್ತಿ ಓಟು ಅದಕ್ಕೆ.

ಎರಡನೆಯ ಥರಕ್ಕೆ ಕನ್ನಡದಲ್ಲಿ ಕೈ ಹಾಕುವ ಉಮೇದು ಹಲವರಿಗಿದೆ. ಹಾಕಲಿ. ಆದರೆ ಯಂತ್ರಕ್ಕೆ ಉಣಿಸೋದೇನು? ರೈಸ್ ಪ್ರಕಟಿಸಿದ ಸುಮಾರು ಒಂಬತ್ತು ಸಾವಿರ ಶಾಸನಗಳು, ಆಮೇಲೆ 1970ರ ದಶಕದಿಂದ ಮೈಸೂರು ವಿಶ್ವವಿದ್ಯಾಲಯ ತಂದ ಪರಿಷ್ಕೃತ ಸಂಪುಟಗಳು. ಹಳೆಯ ಆವೃತ್ತಿಗಳಲ್ಲಿ ಕಲ್ಲಿನ ಮೇಲೆ ಇದ್ದದ್ದು ಎಲ್ಲಿಗೆ ಮುಗಿಯಿತು, ಸಂಪಾದಕರು ತುಂಬಿದ್ದು ಎಲ್ಲಿಂದ ಶುರುವಾಯಿತು ಅನ್ನುವ ಗೆರೆ ಇವತ್ತಿನಷ್ಟು ಬಿಗಿಯಾಗಿಲ್ಲ. ಅದನ್ನು ಹಾಗೇ ಉಣಿಸಿದರೆ ಯಂತ್ರ ಕಲಿಯೋದು ರೈಸ್ ಸಾಹೇಬರ ಊಹೆಯನ್ನು. ನಂತರ ನಾವು ಅದೇ ಯಂತ್ರದಿಂದ ರೈಸರ ಊಹೆ ಸರಿ ಅಂತ ಪ್ರಮಾಣಪತ್ರ ಪಡೀತೀವಿ.

ಇನ್ನೊಂದು, ಇದು ಸಣ್ಣ ವಿಷಯದಂತೆ ಕಾಣುತ್ತೆ. ೞ ಮತ್ತು ಱ. ಈ ಎರಡು ಅಕ್ಷರ ಎಲ್ಲಿ ಸರಿಯಾಗಿ ನಿಲ್ಲುತ್ತವೆ, ಎಲ್ಲಿ ಳ, ರ ಆಗಿ ಜಾರುತ್ತವೆ ಅನ್ನೋದು ಕನ್ನಡ ಶಾಸನದ ಕಾಲ ಹೇಳೋಕೆ ಇರುವ ಒಳ್ಳೆಯ ಸುಳಿವುಗಳಲ್ಲೊಂದು. ಪಕಾರ ಹಕಾರ ಆಗೋದು ಇನ್ನೊಂದು. ಪಾಠಗಳನ್ನು ಟೈಪ್ ಮಾಡುವಾಗ ಕೀಲಿಮಣೆಯಲ್ಲಿ ೞ ಸಿಗಲಿಲ್ಲ ಅಂತ ಳ ಒತ್ತಿ ಮುಂದೆ ಹೋದ ಕಡತಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸುಳಿವನ್ನು ನಾವೇ ಅಳಿಸಿ, ಆಮೇಲೆ ಯಂತ್ರಕ್ಕೆ ಕಾಲ ಕೇಳೋದು! (ಯೂನಿಕೋಡಿನಲ್ಲೇ ೞಗೆ ‘ಕನ್ನಡ ಲೆಟರ್ ಫಾ’ ಅಂತ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದು ಅನ್ನೋದು ಅವರ ನಿಯಮ, ಹಾಗಾಗಿ ತಿದ್ದುಪಡಿ ಟಿಪ್ಪಣಿಯಲ್ಲಷ್ಟೇ ಇದೆ. ಬಾದಾಮಿಯ ಬಂಡೆಯ ಮೇಲೆ ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ನಿಂತ ಅಕ್ಷರಕ್ಕೆ ಈ ಗತಿ.)

ಇನ್ನು ನಮ್ಮ ಕೈಯಲ್ಲಿರೋದನ್ನು ಮಾಡೋಣ. ತೇದಿ ಪರೀಕ್ಷೆ ಮಾಡಿ ಹಾಕುವವರು ಯಾವ ಸಿದ್ಧಾಂತ, ಗತವೋ ವರ್ತಮಾನವೋ, ಯಾವ ಮಾಸ ಪದ್ಧತಿ, ಯಾವ ಊರಿನ ಸೂರ್ಯೋದಯ ಅಂತ ಬರೆಯಿರಿ. ಕೂತ ಉತ್ತರದ ಜೊತೆ ಕೂರದ ಉತ್ತರಗಳನ್ನೂ ಹಾಕಿ. ಗೋವಿಂದನ ತಗಡಿಗೆ ಅದು ನಾಲ್ಕು ಸಾಲು ಅಷ್ಟೆ. ಇದಕ್ಕಿಂತ ದೊಡ್ಡ ಕೆಲಸ ಒಂದಿದೆ: ಒಂದೊಂದೇ ಶಾಸನ ಹಿಡಿದು ತೀರ್ಪು ಕೊಡೋ ಬದಲು ಒಂದು ಇಡೀ ತಾಲೂಕು ತೆಗೆದುಕೊಂಡು, ವಾರ ಇರುವ ಎಲ್ಲ ತೇದಿಗಳನ್ನೂ ಒಂದೇ ನಿಯಮದಲ್ಲಿ ಓಡಿಸೋದು. ಯಾರೂ ಸಂಶಯಪಡದ, ದೇವಸ್ಥಾನದ ಎದುರು ಇವತ್ತಿಗೂ ನಿಂತಿರುವ ಕಲ್ಲುಗಳಲ್ಲೇ ಎಷ್ಟು ಪಾಲು ತಾಳೆಯಾಗಲ್ಲ ಅನ್ನೋದು ಮೊದಲು ಗೊತ್ತಾಗಬೇಕು. ಅದು ಗೊತ್ತಿಲ್ಲದೆ ಒಂದು ತಾಮ್ರಪಟದ ವಾರ ತಪ್ಪಿದೆ ಅನ್ನೋದಕ್ಕೆ ಎಷ್ಟು ತೂಕ ಕೊಡಬೇಕು ಅಂತ ಹೇಳೋದು ಹೇಗೆ?

ನಾನು ಶಿಕಾರಿಪುರ ತಾಲೂಕು ಹಿಡಿದಿದ್ದೇನೆ, ಎಪಿಗ್ರಾಫಿಯಾ ಕರ್ನಾಟಿಕ ಏಳನೇ ಸಂಪುಟ. ಬಳ್ಳಿಗಾವೆಯ ಕಲ್ಲುಗಳೇ ರಾಶಿ ಇವೆ, ಸಂವತ್ಸರ, ತಿಥಿ, ವಾರ, ಸಂಕ್ರಮಣ ಎಲ್ಲ ತುಂಬಿಕೊಂಡು. ಮೊದಲು ತೇದಿಯ ಭಾಗವನ್ನಷ್ಟೇ ಪಾಠದಿಂದ ಎತ್ತಿ, ಸಂಪಾದಕರು ತುಂಬಿದ ಅಕ್ಷರಗಳನ್ನು ಬೇರೆ ಬಣ್ಣದಲ್ಲಿ ಗುರುತು ಹಾಕುತ್ತಿದ್ದೇನೆ. ಲೆಕ್ಕ ಇನ್ನೂ ಶುರು ಮಾಡಿಲ್ಲ. ಹಳೆಯ ಸಂಪುಟದ ಪಾಠವನ್ನು ಪಡಿಯಚ್ಚಿನ ಜೊತೆ ಇಟ್ಟು ನೋಡೋಕೆ ಹಳಗನ್ನಡ ಲಿಪಿ ಚೆನ್ನಾಗಿ ಬಲ್ಲ ಇಬ್ಬರು ಬೇಕು. ಪ್ರೋಗ್ರಾಂ ಬರೆಯೋರು ಈಗಾಗಲೇ ಐದು ಜನ ಇದ್ದೀವಿ.